ಏಟಿಗೆ ಮೊದಲು ಹೆಜ್ಜೆ

ಬಬಲೇಶ್ವರ, ನಿಡೋಣಿ ಕಡೆಯ ಮೊಹರಂ ಹೆಜ್ಜೆ ಕುಣಿತದಲ್ಲಿ ಹಲಗೆಯ ಪೆಟ್ಟಿಗಿಂತ ಕಾಲು ತುಸು ಹಿಂದೆ ಬಿದ್ದರೂ ನೋಡುವವರಿಗೆ ತಿಳಿದುಬಿಡುತ್ತದೆ. ಜಪಾನಿನ ಕತ್ತಿವರಸೆಯಾದ ಕೆಂಡೊ ಈ ಕೂಡುವಿಕೆಯನ್ನೇ ನಿಯಮ ಮಾಡಿಕೊಂಡಿದೆ. ನಾಲ್ಕು ಬಿದಿರು ಸೀಳುಗಳನ್ನು ಕಟ್ಟಿ ಮಾಡಿದ ಶಿನಾಯಿ ಎದುರಾಳಿಯ ತಲೆಗವಸಿಗೆ ತಾಗಿದ ಮಾತ್ರಕ್ಕೆ ಅಂಕವಿಲ್ಲ. ಕೂಗು, ಕತ್ತಿ, ಮೈ ಮೂರೂ ಒಟ್ಟಿಗೆ ಬಂದಿರಬೇಕು, ಹೊಡೆದ ಮೇಲೂ ಎಚ್ಚರ ಉಳಿದಿರಬೇಕು.

ಗುರಿ ದೊಡ್ಡದು. ಅಲ್ಲಿಗೆ ಒಯ್ಯುವ ಅಭ್ಯಾಸದ ಬಗ್ಗೆ ಮಾತ್ರ ನನಗೆ ತಕರಾರಿದೆ. ಹೊಸಬರು ಮೊದಲು ಕಲಿಯುವ ಸುಬುರಿಯಲ್ಲಿ, ಎಂದರೆ ಗಾಳಿಯಲ್ಲಿ ಕತ್ತಿ ಬೀಸುವ ಅಭ್ಯಾಸದಲ್ಲಿ, ಬಲಗಾಲು ಜಾರಿ ಮುಂದೆ ಹೋಗುತ್ತದೆ, ಎಡಗಾಲು ಅದನ್ನು ಕೂಡಿಕೊಳ್ಳುವ ಹೊತ್ತಿಗೆ ಬೀಸು ಮುಗಿಯುತ್ತದೆ. ಹಾಯಸುಬುರಿಯಲ್ಲಿ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತ ಬೀಸಬೇಕು. ಕವಚ ತೊಟ್ಟು ಹೊಡೆಯುವಾಗಲಾದರೋ ಬಲಗಾಲು ನೆಲಕ್ಕೆ ಅಪ್ಪಳಿಸುವ ಕ್ಷಣಕ್ಕೇ ಏಟು ಬೀಳಬೇಕು. ಹೀಗೆ ಒಂದೇ ಏಟಿಗೆ ಮೂರು ಲಯ. ಹಾಯಸುಬುರಿ ದಮ್ಮು ಬೆಳೆಸುತ್ತದೆ, ಭುಜ ಸಡಿಲಿಸುತ್ತದೆ, ಒಪ್ಪುತ್ತೇನೆ. ಆದರೆ ನೆಲವನ್ನು ಹಿಂದಕ್ಕೊತ್ತಿ ಮೈಯನ್ನು ಮುಂದಕ್ಕೆ ತಳ್ಳುವ ಎಡಗಾಲಿನ ಕೆಲಸವನ್ನು ಅದು ಕಲಿಸುವುದಿಲ್ಲ. ಆ ಒತ್ತು ಬಾರದವರು ಬಲಗಾಲನ್ನು ಮೇಲೆತ್ತಿ ಕುಟ್ಟುತ್ತಾರೆ. ಸದ್ದು ಬರುತ್ತದೆ, ಮೈ ಹಿಂದೆಯೇ ಉಳಿಯುತ್ತದೆ, ಹಿಮ್ಮಡಿ ನೋಯುತ್ತದೆ. ಮೊದಲು ಕೈ, ಆಮೇಲೆ ಕಾಲು ಎಂಬ ತಪ್ಪು ಗಟ್ಟಿಯಾಗುವುದು ಇಲ್ಲಿಂದಲೇ. ಹಕಾಮಾ ಎಂಬ ಅಗಲವಾದ ಉಡುಪು ಪಾದವನ್ನು ಮುಚ್ಚುವುದರಿಂದ ಗುರುವಿನ ಕಣ್ಣಿಗೂ ಅದು ಬೇಗ ಬೀಳದು.

ನನ್ನ ದೃಷ್ಟಿಯಲ್ಲಿ ಕತ್ತಿ ಕೆಳಗಿಟ್ಟು ಮಾಡುವ ಅಭ್ಯಾಸವೇ ಇವೆಲ್ಲಕ್ಕಿಂತ ಬೆಲೆಯುಳ್ಳದ್ದು. ಎಡ ಹಿಮ್ಮಡಿಯನ್ನು ತುಸುವೇ ಎತ್ತಿ, ನಡು ಮೇಲೆ ಕೆಳಗೆ ಆಡದಂತೆ, ಪಾದ ಜಾರಿಸುತ್ತ ನಡೆಯುವುದು. ಬಲಪಾದ ನೆಲದಿಂದ ಬೆರಳಗಲದಷ್ಟು ಎದ್ದರೆ ಸಾಕು, ಎಡಪಾದ ತಡಮಾಡದೆ ಅದರ ಹಿಂದೆ ಬರಬೇಕು. ಇದು ಮೈಗೂಡಿದ ಮೇಲೆ ನಿಧಾನವಾಗಿ ಕತ್ತಿ ಸೇರಿಸಬೇಕು, ಅಪ್ಪಳಿಕೆ ಕೊನೆಗೆ. ಕೈಯಲ್ಲೂ ಎಡಗೈಯೇ ಬಲದ ಮೂಲ. ಬಲಗೈ ಬಿಗಿಹಿಡಿದರೆ ಕತ್ತಿಯ ದಾರಿ ವಾರೆಯಾಗುತ್ತದೆ. ಬೇಸರ ತರಿಸುತ್ತದೆಂದು ಈ ಹೆಜ್ಜೆಯ ಅಭ್ಯಾಸವನ್ನು ಐದು ನಿಮಿಷದಲ್ಲಿ ಮುಗಿಸುವ ತರಗತಿಗಳನ್ನು ನಾನು ಮೆಚ್ಚಲಾರೆ.

ನಮ್ಮ ಕಡೆಯ ಹುಡುಗರಿಗೆ ಒಂದು ಮಾತು. ಕೆಂಡೊ ಬರಿಗಾಲಿನ ಆಟ, ಅದಕ್ಕೆಂದೇ ಇರುವುದು ಮರದ ನೆಲ. ಫರ್ಸಿ, ಸಿಮೆಂಟಿನ ಮೇಲೆ ಪಾದ ಜಾರಿಸಿ ಕಲಿಯಿರಿ, ಅಪ್ಪಳಿಸಬೇಡಿ.