ತಂಬೂರಿಗೆ ತಂತಿ, ತಂತಿಗೆ ದಾರ

ರಬಕವಿ-ಬನಹಟ್ಟಿಯ ನೇಕಾರರಿಗೆ ನೂಲಿನ ನಂಬರು ಯಾರೂ ಕಲಿಸಬೇಕಿಲ್ಲ. ನಂಬರು ಏರಿದಷ್ಟೂ ಎಳೆ ಸಣ್ಣ. ತಂಬೂರಿಯ ತಂತಿಗೂ ಇದೇ ಲೆಕ್ಕ ಎಂದು ತಿಳಿದ ದಿನದ ಖುಷಿ ನನ್ನಲ್ಲಿ ಇನ್ನೂ ಆರಿಲ್ಲ. 22ರ ಹಿತ್ತಾಳೆ ಕೈಗೆ ದಪ್ಪ, 30ರ ಉಕ್ಕು ಕೂದಲಿಗೆ ಹತ್ತಿರ.

ನಮ್ಮ ಜಮಖಂಡಿ ಸೀಮೆಯವರಿಗೆ ತಂಬೂರಿ ಎಂದರೆ ಮಿರಜ. ಎರಡೂ ಒಂದು ಕಾಲಕ್ಕೆ ಪಟವರ್ಧನ ಮನೆತನದ ಸಂಸ್ಥಾನಗಳು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ನೆಲೆಸಿದ್ದೂ ಮಿರಜದಲ್ಲೇ. ಅಲ್ಲಿಯ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬುರುಡೆ, ಕುಸುರಿಗಳನ್ನು ನೋಡಿ ಮರುಳಾಗುವುದು ಸುಲಭ. ನಾದ ಮಾತ್ರ ತಂತಿಯದು.

ತಂತಿ ಆರಿಸುವ ಮೊದಲು ಹಾಡುವವರ ಶ್ರುತಿ ಗೊತ್ತಿರಬೇಕು. ಗಂಡು ದನಿಗೆ ಹಾರ್ಮೋನಿಯಂನ ಕಪ್ಪು ಒಂದರ ಆಸುಪಾಸು; ಹೆಣ್ಣು ದನಿಯ ಶ್ರುತಿ ಮೇಲಿನದು, ತಂಬೂರಿಯೂ ಗಿಡ್ಡ. ನಾಲ್ಕು ತಂತಿಗಳಲ್ಲಿ ನಡುವಿನ ಜೋಡಿ ಷಡ್ಜಗಳು ಉಕ್ಕಿನವು. ಮೊದಲ ಪಂಚಮಕ್ಕೆ ಕೆಲವರು ಉಕ್ಕು, ಕೆಲವರು ಹಿತ್ತಾಳೆ ಕಟ್ಟುತ್ತಾರೆ. ಕೊನೆಯ ಖರ್ಜದ, ಅಂದರೆ ಕೆಳಷಡ್ಜದ ತಂತಿಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ: ಹಿತ್ತಾಳೆಯೇ ಬೇಕು, ದಪ್ಪಗಿರಬೇಕು. ಒಮ್ಮೆ ತೆಳ್ಳಗಿನದನ್ನು ಕಟ್ಟಿ ಕೆಳಷಡ್ಜಕ್ಕೆ ಇಳಿಸಿದ್ದೆ. ಜೋತುಬಿದ್ದು, ತಂತಿಗಳು ಕೂರುವ ಕುದುರೆಯ ಮೇಲೆ ಗರಗರ ಅಂದಿತು. ಭಾರವಾದ ತಂತಿ ಬಿಗಿ ಕಳೆದುಕೊಳ್ಳದೆ ನಿಧಾನವಾಗಿ ಮಿಡಿಯುತ್ತದೆ. ಖರ್ಜದ ಗಾಂಭೀರ್ಯ ಬರುವುದು ಆ ತೂಕದಿಂದ.

ಇಷ್ಟಾದರೂ ತಂಬೂರಿ ಇನ್ನೂ ಮೂಕವೇ. ಕುದುರೆಯ ಬೆನ್ನಿಗೂ ತಂತಿಗೂ ನಡುವೆ ಒಂದು ಹತ್ತಿಯ ದಾರ ಸೇರಬೇಕು. ಜೀವಾಳಿ ಎಂಬ ಹೆಸರಿನಲ್ಲೇ ಅದರ ಕೆಲಸವಿದೆ. ಉಗುರಿನಿಂದ ಅದನ್ನು ಎಳ್ಳಿನಷ್ಟು ಹಿಂದೆ, ಮುಂದೆ ಸರಿಸುತ್ತ ಹೋಗಬೇಕು. ಒಂದು ಕಡೆ ದನಿ ಮೊಂಡು, ಇನ್ನೊಂದು ಕಡೆ ಕರ್ಕಶ. ನಡುವೆಲ್ಲೋ ಒಂದು ತಾವಿನಲ್ಲಿ ತಂತಿ ತಟ್ಟನೆ ಅರಳುತ್ತದೆ. ಜೇನುಗೂಡಿನ ಹತ್ತಿರ ಕಿವಿ ಇಟ್ಟಂತೆ ಗುಂಯ್ ಎನ್ನುವ ಆ ನಾದ ಮೈಗೇ ಮುಟ್ಟುತ್ತದೆ. ಆಗ ಖರ್ಜದ ಒಳಗಿಂದ, ಯಾರೂ ಮೀಟದ ಗಾಂಧಾರ ತಾನೇ ಎದ್ದು ಬರುತ್ತದೆ. ಅದನ್ನು ಕೇಳಿದಾಗಲೆಲ್ಲ ಹಾಡುವುದನ್ನು ಮರೆತು ಸುಮ್ಮನೆ ಕುಳಿತಿದ್ದೇನೆ. ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ನಾಟಿ ತಳಿ. ತಂಬೂರಿಯವರಿಗೆ ಜವಾರಿ ಎಂದರೆ ಈ ಅರಳುವಿಕೆ. ಎರಡರಲ್ಲೂ ಸತ್ವದ ಮಾತೇ ಇದೆ ಎಂದು ನನ್ನ ಕಿವಿಗೆ ಅನಿಸುತ್ತದೆ.

ದಾರ ದಪ್ಪವಾದರೆ ತಂತಿಯ ಬಾಯಿ ಕಟ್ಟುತ್ತದೆ, ತೀರ ಸಣ್ಣದಾದರೆ ನಿಲ್ಲುವುದಿಲ್ಲ. ನಾನು ಹಲವು ದಾರಗಳನ್ನು ಇಟ್ಟು ನೋಡಿದ್ದೇನೆ. ನೈಲಾನಿನದು ಜಾರಿತು, ಹೊಲಿಗೆಯ ದಾರ ಬಿರುಸಾಯಿತು. ಮಗ್ಗದ ಮೇಲಿನ ಹತ್ತಿಯ ಎಳೆ ಒಂದೆರಡು ಸೇರಿಸಿ ಇಟ್ಟಾಗ ಸರಿಹೋಯಿತು.

ತಂತಿಯನ್ನು ಮಿರಜದಿಂದಲೇ ತನ್ನಿ. ದಾರಕ್ಕೆ ಮಾತ್ರ ಬನಹಟ್ಟಿಯ ಮಗ್ಗದ ಮನೆಗೆ ಹೋಗಿ, ಒಂದು ಗೇಣು ಕೇಳಿ ನೋಡಿ.