ಮುಟ್ಟದೆ ಬಿಟ್ಟ ಎರಡು ಸೆಂಟ್ಸ್

ಕಾರ್ಕಳದ ಆಸುಪಾಸಿನಲ್ಲಿ ನಿವೃತ್ತರ ಹೊಸಮನೆಯನ್ನು ದೂರದಿಂದಲೇ ಗುರುತಿಸಬಹುದು. ಎತ್ತರದ ಕಂಪೌಂಡು, ಅಂಗಳ ತುಂಬ ಇಂಟರ್‌ಲಾಕ್, ನಾಲ್ಕು ಮೂಲೆಗೂ ಎಲ್‌ಇಡಿ ದೀಪ, ಗೇಟಿನ ಪಕ್ಕ ನರ್ಸರಿಯಿಂದ ತಂದ ಅಲಂಕಾರದ ಗಿಡ. ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವರು, ಗಲ್ಫಿನಿಂದ ಮರಳಿದವರು, ನನ್ನ ಹಾಗೆ ಬ್ಯಾಂಕಿನಿಂದ ಬಿಡುಗಡೆಯಾದವರು, ಎಲ್ಲರದೂ ಒಂದೇ ಆಸೆ: ಊರಲ್ಲೊಂದು ಮನೆ, ಬೆಳಿಗ್ಗೆ ಹಕ್ಕಿಯ ಸ್ವರ, ಸಂಜೆ ನವಿಲು. ಆಸೆಯೇನೋ ಸರಿ. ಆದರೆ ಸೈಟು ಸಮತಟ್ಟು ಮಾಡುವ ದಿನವೇ ಅರ್ಧಕ್ಕರ್ಧ ಹಕ್ಕಿಗಳನ್ನು ಓಡಿಸಿ, ಆಮೇಲೆ ಸಿಟೌಟಿನಲ್ಲಿ ಕೂತು ಅವುಗಳಿಗಾಗಿ ಕಾಯುತ್ತೇವೆ.

ಕಾರ್ಕಳದ ಪಕ್ಕದ ಕುಕ್ಕುಂದೂರು, ಹೀಗೆ ಕೂತು ಜೀವಿಗಳನ್ನು ನೋಡುವ ಹವ್ಯಾಸಕ್ಕೆ ಹೇಳಿ ಮಾಡಿಸಿದ ಊರು. ಜೋಡುರಸ್ತೆಯ ಅಂಗಡಿ ಸಾಲು ಬಿಟ್ಟು ಒಳದಾರಿ ಹಿಡಿದರೆ ಮುರಕಲ್ಲಿನ ಪದವು, ಅದರ ಕೆಳಗೆ ಹಾಡಿ, ಹಾಡಿಯಿಂದ ಇಳಿದರೆ ಅಡಿಕೆ ತೋಟ, ತೋಟ ಮುಗಿದಲ್ಲಿ ಬೈಲು. ಹತ್ತು ನಿಮಿಷ ನಡೆದರೆ ನಾಲ್ಕು ಬಗೆಯ ನೆಲ, ನಾಲ್ಕು ಬಗೆಯ ಹಕ್ಕಿ. ಪೂರ್ವಕ್ಕೆ ಕುದುರೆಮುಖದ ಬೆಟ್ಟಸಾಲು. ಅಲ್ಲಿಯ ಕಾಡು 1987ರಿಂದ ರಾಷ್ಟ್ರೀಯ ಉದ್ಯಾನ. ಅಲುಗಾಡದೆ ಇರುವ ವಿದ್ಯೆಗೆ ಗುರು ಬೇಕೆಂದರೆ ಕಾರ್ಕಳದ ಗುಡ್ಡದ ಮೇಲೆ ಗೊಮ್ಮಟನಿದ್ದಾನೆ. 1432ರಿಂದ ನಿಂತೇ ಇರುವ 42 ಅಡಿಯ ಆ ಬಾಹುಬಲಿಯ ಮೈಗೆ ಬಳ್ಳಿ ಹಬ್ಬಿದೆ. ನಮಗೆ ಅಷ್ಟೆಲ್ಲ ಬೇಡ, ಅರ್ಧ ಗಂಟೆ ಮೊಬೈಲು ಮುಟ್ಟದೆ ಕೂತರೆ ಸಾಕು.

ಸಲಕರಣೆಯ ವಿಷಯಕ್ಕೆ ಒಂದೇ ಮಾತು. ಅಂಗಡಿಯವರು 10x50 ದುರ್ಬೀನು ತೋರಿಸಿದರೆ ಮಾರುಹೋಗಬೇಡಿ. ಅರುವತ್ತು ದಾಟಿದ ಕೈಗೆ ಅದು ಭಾರ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವಾಗ ಕೈಯ ನಡುಕವನ್ನೂ ಹತ್ತು ಪಟ್ಟು ತೋರಿಸುತ್ತದೆ. ತೋಟದ ನೆರಳಿಗೆ 8x42 ಸಾಕು. ಎರಡು ಮೀಟರು ಹತ್ತಿರದ್ದೂ ಸ್ಪಷ್ಟ ಕಾಣುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಯಾಕೆಂದರೆ ಇಲ್ಲಿ ನೋಡತಕ್ಕದ್ದರಲ್ಲಿ ಅರ್ಧದಷ್ಟು ಮೂಗಿನ ಎದುರೇ ಇರುತ್ತದೆ.

ಹಾರುವ ಓತಿಯನ್ನೇ ತೆಗೆದುಕೊಳ್ಳಿ. ತೇಜಸ್ವಿಯವರ ‘ಕರ್ವಾಲೊ’ ಓದಿದವರು ಅದು ದುರ್ಗಮ ಕಾಡಿನ ಪ್ರಾಣಿ ಎಂದೇ ನಂಬಿರುತ್ತಾರೆ. ಕರಾವಳಿಯ ಅಡಿಕೆ ತೋಟದಲ್ಲಿ ಅದರ ಬಂಧು ಬಳಗ ಧಾರಾಳವಾಗಿದೆ, ನೋಡುವ ಕಣ್ಣು ಬೇಕಷ್ಟೆ. ಬಿಸಿಲು ಏರಿದ ಹೊತ್ತು, ಬೆಳಿಗ್ಗೆ ಒಂಬತ್ತರ ಮೇಲೆ, ಅಡಿಕೆ ಮರದ ಬೂದು ಬಣ್ಣದ ಕಾಂಡವನ್ನು ಬುಡದಿಂದ ಮೇಲಕ್ಕೆ ನಿಧಾನ ನೋಡುತ್ತ ಹೋಗಿ. ಕಲ್ಲುಹೂವಿನ ಮಚ್ಚೆಯೊಂದು ಸ್ವಲ್ಪ ಉಬ್ಬಿದ ಹಾಗಿದ್ದರೆ ಅಲ್ಲೇ ನಿಲ್ಲಿ. ಗಂಡಾಗಿದ್ದರೆ ಗಂಟಲಿನಿಂದ ಹಳದಿ ಚೀಲವೊಂದನ್ನು ಪಟಕ್ಕನೆ ಮುಂದಕ್ಕೆ ಚಾಚಿ ಒಳಗೆಳೆದುಕೊಳ್ಳುತ್ತದೆ, ಮತ್ತೆ ಚಾಚುತ್ತದೆ. ಪಕ್ಕದ ಮರದ ಗಂಡಿಗೆ ಅದು ಎಚ್ಚರಿಕೆ, ಹೆಣ್ಣಿಗೆ ಆಹ್ವಾನ. ಕಾಂಡದ ಮೇಲೆ ಸಾಲು ಹೋಗುವ ಇರುವೆಗಳನ್ನು ಒಂದೊಂದಾಗಿ ನೆಕ್ಕಿ ಮುಗಿಸಿದ ಮೇಲೆ ತಲೆ ತಿರುಗಿಸಿ ಮುಂದಿನ ಮರವನ್ನು ಅಳೆಯುತ್ತದೆ. ಹಾರಿದಾಗ ಪಕ್ಕೆಲುಬುಗಳು ಅಗಲವಾಗಿ ಬಿಚ್ಚಿ, ಅವುಗಳ ನಡುವಿನ ಪೊರೆ ರೆಕ್ಕೆಯಂತೆ ಹರಡಿಕೊಳ್ಳುತ್ತದೆ. ಆ ಮರದ ಕೆಳಭಾಗಕ್ಕೆ ಇಳಿದು ಮತ್ತೆ ಮೇಲೆ ಹತ್ತುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆಯಿಡಲು, ಮೆದು ಮಣ್ಣು ಹುಡುಕಿಕೊಂಡು. ನೆಲವೆಲ್ಲ ಇಂಟರ್‌ಲಾಕ್ ಆದರೆ ಮರ ಇದ್ದೂ ಅದರ ಸಂಸಾರ ನಡೆಯುವುದಿಲ್ಲ.

ಚಳಿಗಾಲದ ಅತಿಥಿಗಳ ಕತೆಯೂ ನೆಲದ್ದೇ. ಅಕ್ಟೋಬರ್ ಹೊತ್ತಿಗೆ ಉತ್ತರದಿಂದ ನವರಂಗ ಬರುತ್ತದೆ. ಹೆಸರಿಗೆ ತಕ್ಕ ಬಣ್ಣ, ಆದರೆ ಸ್ವಭಾವ ನಾಚಿಕೆಯದು. ಮುಂಜಾವ ಮತ್ತು ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕಿ ತಾನಿರುವುದನ್ನು ತಿಳಿಸಿ ಸುಮ್ಮನಾಗುತ್ತದೆ. ರಾತ್ರಿ ಪ್ರಯಾಣ ಮಾಡುವ ಈ ಹಕ್ಕಿ ದಾರಿ ತಪ್ಪಿ, ದಣಿದು, ಮನೆ ಅಂಗಳಕ್ಕೋ ಬಾಲ್ಕನಿಗೋ ಬಂದು ಬೀಳುವುದುಂಟು. ರಾತ್ರಿಯಿಡೀ ಉರಿಯುವ ನಮ್ಮ ದೀಪಗಳಿಂದ ಅದಕ್ಕೆ ಉಪಕಾರವಂತೂ ಇಲ್ಲ. ಅದೇ ತೋಟಕ್ಕೆ ಪೂರ್ವ ಏಷ್ಯಾದ ಕಡೆಯಿಂದ ಕಾಡು ಸಿಪಿಲೆ ಬರುತ್ತದೆ. ಉಳಿದ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಕುಣಿಸಿದರೆ ಇದು ಎಡಕ್ಕೆ ಬಲಕ್ಕೆ ಆಡಿಸುತ್ತದೆ, ಅದೂ ಸೊಂಟದ ಸಮೇತ. ಒಮ್ಮೆ ನೋಡಿದರೆ ಮತ್ತೆ ಪುಸ್ತಕ ತೆರೆಯಬೇಕಿಲ್ಲ. ನವರಂಗವೂ ಸಿಪಿಲೆಯೂ ಹೊಟ್ಟೆ ಹೊರೆಯುವುದು ತರಗೆಲೆ ಕೆದಕಿ. ದಿನಾ ಬೆಳಿಗ್ಗೆ ಹಿಡಿಸೂಡಿ ಹಿಡಿದು ಮನೆಯ ಹಿತ್ತಿಲನ್ನೂ ಗುಡಿಸಿ ಬೆಂಕಿ ಕೊಡುವವರ ಮನೆಗೆ ಅವು ಬರುವುದು ಯಾತಕ್ಕೆ?

ಮಳೆಗಾಲದಲ್ಲಿ ಆಟ ಪದವಿಗೆ ವರ್ಗವಾಗುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಇದು. ಬೇಸಗೆಯಲ್ಲಿ ಕಾದ ಕಾವಲಿಯಂತಿದ್ದ ಮುರಕಲ್ಲು ಜೂನ್‌ನಲ್ಲಿ ಸಣ್ಣ ಸಣ್ಣ ಹೊಂಡಗಳಿಂದ ತುಂಬುತ್ತದೆ. ಮಣಿಪಾಲದ ಸುತ್ತಿನ ಇಂಥದೇ ಪದವುಗಳಲ್ಲಿ ಸಿಕ್ಕಿದ ಒಂದೂವರೆ ಸೆಂಟಿಮೀಟರಿನಷ್ಟು ಉದ್ದದ ಕಪ್ಪೆಯೊಂದನ್ನು ರಮಿತ್ ಸಿಂಗಲ್, ಕೆ. ಎಸ್. ಶೇಷಾದ್ರಿ, ಕೆ. ವಿ. ಗುರುರಾಜ ಮೊದಲಾದವರು 2016ರಲ್ಲಿ ಹೊಸ ಪ್ರಭೇದವೆಂದು ಜಗತ್ತಿಗೆ ತಿಳಿಸಿದರು. ಹೆಸರನ್ನೂ ಮುರಕಲ್ಲಿನ ಮೇಲೆಯೇ ಇಟ್ಟರು: ಮೈಕ್ರೊಹೈಲಾ ಲ್ಯಾಟರೈಟ್. ಅದರ ಕೂಗು ಕೇಳಿದರೆ ಜೀರುಂಡೆಯೆಂದೇ ಅನಿಸುತ್ತದೆ. ನಾಲ್ಕು ಹೆಜ್ಜೆ ದೂರದಲ್ಲಿ ವಿಶ್ವವಿದ್ಯಾಲಯ, ಆಸ್ಪತ್ರೆ, ಸಾವಿರಾರು ವಿದ್ಯಾವಂತರು ಇದ್ದ ಜಾಗದಲ್ಲಿ ಅದು ಅಷ್ಟು ಕಾಲ ಹೆಸರಿಲ್ಲದೆ ಕೂಗುತ್ತಿತ್ತು. ನಾವು ಬಂಜರು ಎಂದು ಬರೆದುಕೊಂಡ ನೆಲ ಅದು. ಮಣ್ಣು ತುಂಬಿಸಿ ಲೇಔಟ್ ಮಾಡಲು ಎಲ್ಲರಿಗಿಂತ ಮೊದಲು ಸಿಗುವುದೂ ಅದೇ.

ಮುಟ್ಟದೆ ಬಿಡುವುದು ಈ ಜಿಲ್ಲೆಗೆ ಹೊಸ ಪಾಠವೇನಲ್ಲ. ಹಳೆಯ ಕುಟುಂಬದ ಜಾಗದ ಮೂಲೆಯಲ್ಲಿ ನಾಗಬನ ಇರುತ್ತಿತ್ತು. ಅಲ್ಲಿ ಕತ್ತಿ ಆಡುವಂತಿಲ್ಲ, ಸೊಪ್ಪು ತರುವಂತಿಲ್ಲ. ರೆಂಜ, ಸುರಗಿ, ಬೈನೆ, ಅವುಗಳಿಗೆ ಸುತ್ತಿದ ಬೆತ್ತ, ಕೆಳಗೆ ಮೊಣಕಾಲುದ್ದ ತರಗೆಲೆ. ನಾಗರ ಪಂಚಮಿಗೆ ಹಾಲೆರೆದು ತಂಬಿಲ ಮುಗಿಸಿ ಬಂದರೆ ಮತ್ತೆ ವರ್ಷವಿಡೀ ಆ ಕಡೆ ಹೆಚ್ಚು ಸುಳಿದಾಟವಿಲ್ಲ. ಭಯವೋ ಭಕ್ತಿಯೋ, ಬೈನೆ ಹಣ್ಣಿಗೆ ಬರುವ ಪುನುಗಿಗೂ ಮರದ ಪೊಟರೆ ಹುಡುಕುವ ಮಂಗಟ್ಟೆಗೂ ಒಂದು ನೆಲೆಯಾಯಿತು. ಈಗೀಗ ಬನದ ಜೀರ್ಣೋದ್ಧಾರ ಎಂದರೆ ಮರ ಕಡಿದು ಕಾಂಕ್ರೀಟು ಕಟ್ಟೆ ಕಟ್ಟಿ ಗ್ರಾನೈಟ್ ಹಾಸುವುದು ಎಂದಾಗಿದೆ. ನಾಗನ ಕಲ್ಲು ಉಳಿಯಿತು, ಬನ ಹೋಯಿತು.

ಹಾಗೆಂದು ಎಲ್ಲವನ್ನೂ ಹಾಳುಬಿಡಿ ಎಂದು ನಾನು ಹೇಳುತ್ತಿಲ್ಲ. ಬಿಡುವುದರಲ್ಲೂ ಕಸುಬಿದೆ. ಇಲ್ಲಿಂದ ಮೂಡಬಿದಿರೆ ಕಡೆ ಹೋದರೆ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರ ಬಟರ್‌ಫ್ಲೈ ಪಾರ್ಕ್ ಸಿಗುತ್ತದೆ. ಅಲ್ಲಿ ಬಲೆಯಿಲ್ಲ, ಗಾಜಿನ ಮನೆಯಿಲ್ಲ. ಮರಿಹುಳುಗಳಿಗೆ ಬೇಕಾದ ಗಿಡ, ಬೆಳೆದ ಚಿಟ್ಟೆಗಳಿಗೆ ಬೇಕಾದ ಹೂವು ನೆಟ್ಟರು, ಚಿಟ್ಟೆಗಳು ತಾವಾಗಿ ಬಂದವು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೆ ಮೊಟ್ಟೆಯಿಡಲು ಈಶ್ವರಬಳ್ಳಿಯಂಥ ಬಳ್ಳಿಯೇ ಆಗಬೇಕು. ಬೇಲಿಗೆ ಹಬ್ಬಿದ ಅದನ್ನು ನಾವು ಕಳೆಯೆಂದು ಕಿತ್ತೆಸೆಯುತ್ತೇವೆ.

ಇನ್ನು ನೆರೆಯವರ ಮಾತು. ‘ನಿಮಗೆ ನೋಡ್ಲಿಕ್ಕೆ ಚೆಂದ ಮಾರಾಯ್ರೆ, ನಮಗೆ ಮರದಲ್ಲಿ ಒಂದು ಬೊಂಡ ಉಳಿಯುದಿಲ್ಲ’ ಎಂದರು ಬೈಲಿನ ಆಚೆ ಕೃಷಿ ಮಾಡುವ ಹಿರಿಯರು. ಅದು ಬರೀ ಗೊಣಗಾಟ ಅಲ್ಲ. ನಾನು ಕಾಫಿ ಕುಡಿಯುತ್ತ ಮೆಚ್ಚುವ ನವಿಲು ಅವರ ನೇಜಿಗೆ ಇಳಿಯುತ್ತದೆ, ಹಂದಿ ಮರಗೆಣಸಿನ ಸಾಲನ್ನೇ ಅಗೆದು ಹಾಕುತ್ತದೆ. ಪಿಂಚಣಿಯ ಮೇಲೆ ಬದುಕುವವನ ಅಭಿರುಚಿಯ ಖರ್ಚನ್ನು ಬೇಸಾಯಗಾರ ಭರಿಸುವುದು ನ್ಯಾಯವಲ್ಲ. ಆದ್ದರಿಂದ ಈ ಹವ್ಯಾಸದ ಮೊದಲ ನಿಯಮ: ಯಾವುದಕ್ಕೂ ತಿನ್ನಲು ಹಾಕಬೇಡಿ. ಮಂಗನಿಗೆ ಬಾಳೆಹಣ್ಣು, ನವಿಲಿಗೆ ಅಕ್ಕಿ, ಯಾವುದೂ ಬೇಡ. ನೀವು ಒಂದು ಕೊಟ್ಟರೆ ಅವು ನೆರೆಮನೆಯಲ್ಲಿ ಹತ್ತು ಕೇಳುತ್ತವೆ. ಹಲಸಿನ ಹಣ್ಣು ಮರದಲ್ಲೇ ಕೊಳೆಯಲು ಬಿಡದೆ ಇಳಿಸಿ ಹಂಚಿ. ಉಳಿದ ಅನ್ನ ಹಿತ್ತಿಲಿಗೆ ಎಸೆದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಕೇರೆಯಾದರೆ ಅದರ ಪಾಡಿಗೆ ಹೋಗಲಿ. ಕನ್ನಡಿ ಹಾವಾದರೆ ತರಗೆಲೆಯ ನಡುವೆ ಕಾಣುವುದೇ ಇಲ್ಲ. ರಾತ್ರಿ ಟಾರ್ಚು ಮತ್ತು ಚಪ್ಪಲಿ ಇಲ್ಲದೆ ಅಂಗಳಕ್ಕೂ ಇಳಿಯಬಾರದು. ತರಗೆಲೆ ಬಿಡುವುದು ಮನೆಯಿಂದ ದೂರದ ಮೂಲೆಯಲ್ಲಿ, ಮೆಟ್ಟಿಲ ಬುಡದಲ್ಲಲ್ಲ.

ಚಿರತೆಯದೂ ಇದೇ ಲೆಕ್ಕ. ನಾಯಿಯನ್ನು ಅಟ್ಟಿಸಿಕೊಂಡು ಬಂದು ದಂಡೆಯಿಲ್ಲದ ಬಾವಿಗೆ ಬಿದ್ದ ಚಿರತೆ, ಏಣಿ ಇಲ್ಲವೇ ಬೋನು ಇಳಿಸುತ್ತಿರುವ ಅರಣ್ಯ ಇಲಾಖೆಯವರು, ಸುತ್ತ ಮೊಬೈಲು ಎತ್ತಿ ಹಿಡಿದ ಜನ: ಉಡುಪಿ ಜಿಲ್ಲೆಯ ಪತ್ರಿಕೆ ಓದುವವರಿಗೆ ಈ ಚಿತ್ರ ಹೊಸದಲ್ಲ. ಬಾವಿಗೆ ಎತ್ತರದ ದಂಡೆ ಕಟ್ಟಿ ಬಲೆ ಹಾಕಿ, ನಾಯಿಯನ್ನು ರಾತ್ರಿ ಒಳಗೆ ಮಲಗಿಸಿ. ಚಿರತೆ ಬಂದ ದಾರಿಯಲ್ಲಿ ಹೋಗುತ್ತದೆ, ನೀವು ಬೆಳಿಗ್ಗೆ ಹೆಜ್ಜೆ ಗುರುತು ನೋಡಿ ಬೀಗಬಹುದು.

ಮನೆ ಇನ್ನೂ ಕಟ್ಟಿಸಬೇಕಾದವರಿಗೆ ಕೊನೆಯದಾಗಿ ಒಂದು ಸಲಹೆ. ಭೂಮಿಪೂಜೆಗೆ ಇಡೀ ಕುಟುಂಬ ಬರುತ್ತದೆ, ಜೆಸಿಬಿ ಬರುವ ದಿನ ಯಾರೂ ಇರುವುದಿಲ್ಲ. ನೀವು ಆ ದಿನ ಅಲ್ಲಿರಿ. ಹತ್ತು ಸೆಂಟ್ಸ್ ಜಾಗದಲ್ಲಿ ಮುಟ್ಟದೆ ಬಿಡಲು ಎರಡು ಸೆಂಟ್ಸ್ ಸಾಕು. ಮರವಿರುವ, ತಗ್ಗಾದ, ನೆರೆಯವರ ಹಾಡಿಗೆ ತಾಗಿದ ಮೂಲೆ ನೋಡಿ ಸುತ್ತ ಹಗ್ಗ ಕಟ್ಟಿ, ಒಳಗೆ ಚಕ್ರ ಬರಬಾರದೆಂದು ಹೇಳಿ. ಆಪರೇಟರು ‘ಒಟ್ಟಿಗೇ ಕ್ಲೀನ್ ಮಾಡಿ ಕೊಡ್ತೇನೆ ಸರ್’ ಅನ್ನುತ್ತಾನೆ, ಒಪ್ಪಬೇಡಿ. ಜೆಸಿಬಿಗೆ ಗಂಟೆ ಲೆಕ್ಕದ ಬಾಡಿಗೆ. ಮೂಲೆ ಉಳಿದಷ್ಟೂ ಬಿಲ್ಲು ಕಡಿಮೆ.