ಎವರ್ಟನ್ ಸಂಗ್ರಹ: ಕಾಲ್ಚೆಂಡಿನ ಸಂಘವೊಂದರ ದಫ್ತರವನ್ನು ಕುರಿತ ವಿಮರ್ಶೆ

ಗ್ರಂಥಶೋಧನೆ, ಶಾಸನಗಳ ಪಾಠನಿರ್ಣಯ, ಕವಿಕಾಲವಿಚಾರ ಮುಂತಾದವುಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಕಾಲ್ಚೆಂಡಿನ ಸಂಘವೊಂದರ ಕಾಗದಪತ್ರಗಳ ವಿಷಯವನ್ನು ಎತ್ತಿಕೊಂಡಿರುವುದು ಕೆಲವು ವಾಚಕ ಮಹಾಶಯರಿಗೆ ಅನುಚಿತವಾಗಿ ತೋರಬಹುದು. ಆಟದಲ್ಲಿ ನನ್ನ ಪರಿಚಯವು ಅತ್ಯಲ್ಪವಾದುದು. ಪಾಠಶಾಲೆಯಲ್ಲಿ ಅಮರವನ್ನೂ ಕೌಮುದಿಯನ್ನೂ ಉರುಹೊಡೆಯುತ್ತಿದ್ದ ಕಾಲದಲ್ಲಿ ಚೆಂಡೆಂಬುದು ನನ್ನ ಕಾಲಿಗೆ ತಗುಲಿದ್ದರೆ ಅದು ಆಕಸ್ಮಿಕವಾಗಿಯೇ ಸರಿ. ಆದರೆ ದಫ್ತರವು ಯಾರದಾದರೂ ದಫ್ತರವೇ. ಅದರಲ್ಲಿ ಮೂಲವಾವುದು, ಐತಿಹ್ಯವಾವುದು, ಯಾರ ಕೈ ಎಲ್ಲಿ ಆಡಿದೆ ಎಂಬ ಪ್ರಶ್ನೆಗಳು ಓಲೆಗರಿಗೆ ಹೇಗೋ ಹಾಗೆಯೇ ಸಂಘದ ಲೆಕ್ಕದ ಪುಸ್ತಕಕ್ಕೂ ಅನ್ವಯಿಸುತ್ತವೆ. ಗ್ರಂಥಾಲಯಶಾಸ್ತ್ರವನ್ನು ವ್ಯಾಸಂಗ ಮಾಡಿದ ನನ್ನ ಹಳೆಯ ಶಿಷ್ಯರೊಬ್ಬರು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿರುವ ‘ಎವರ್ಟನ್ ಸಂಗ್ರಹ’ದ ವಿಷಯವನ್ನು ನನಗೆ ತಿಳಿಸಿ, “ಗುರುಗಳು ಇದನ್ನು ಗ್ರಂಥಸಂಪಾದಕರ ದೃಷ್ಟಿಯಿಂದ ಪರಿಶೀಲಿಸಬೇಕು” ಎಂದು ಕೇಳಿದುದೇ ಈ ಲೇಖನಕ್ಕೆ ಕಾರಣ.

ಮೊದಲು ಸಂಘದ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1878ರಲ್ಲಿ ಸೇಂಟ್ ಡೊಮಿಂಗೋ ಎಂಬ ಮೆಥೊಡಿಸ್ಟ್ ಚರ್ಚಿನ ಆಶ್ರಯದಲ್ಲಿ ಹುಟ್ಟಿದ ಈ ತಂಡವು ಮರುವರ್ಷವೇ ಎವರ್ಟನ್ ಎಂಬ ಹೆಸರನ್ನು ತಳೆಯಿತು. ಹಣ ಪಡೆದು ಆಡುವುದು ಇಂಗ್ಲೆಂಡಿನಲ್ಲಿ 1885ರಲ್ಲಿ ವಿಹಿತವಾಯಿತು. 1888ರಲ್ಲಿ ಹನ್ನೆರಡು ಸಂಘಗಳು ಸೇರಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದಾಗ ಎವರ್ಟನ್ ಅವುಗಳಲ್ಲೊಂದಾಗಿತ್ತು. 1884ರಿಂದ 1892ರ ವರೆಗೆ ಇವರು ಆಡುತ್ತಿದ್ದುದು ಆನ್‌ಫೀಲ್ಡ್ ಮೈದಾನದಲ್ಲಿ. ಇಂದು ಆ ಹೆಸರನ್ನು ಕೇಳಿದೊಡನೆ ಜನರ ನೆನಪಿಗೆ ಬರುವುದು ಇವರ ಪ್ರತಿಸ್ಪರ್ಧಿಯಾದ ಲಿವರ್‌ಪೂಲ್ ಸಂಘ. ಈ ವೈಚಿತ್ರ್ಯದಲ್ಲಿಯೇ ಪ್ರಕೃತ ಸಂಗ್ರಹದ ಗುಣವೂ ದೋಷವೂ ಅಡಗಿವೆಯೆಂದು ಮುಂದೆ ತೋರಿಸುತ್ತೇನೆ.

ಸಂಗ್ರಹದ ಮೂಲಪುರುಷರು ಡಾಕ್ಟರ್ ಡೇವಿಡ್ ಫ್ರಾನ್ಸ್ ಎಂಬ ಅಭಿಮಾನಿಗಳು. ಆಟದ ದಿನ ಮಾರುವ ಕಾರ್ಯಕ್ರಮ ಪತ್ರಿಕೆಗಳು, ಪ್ರವೇಶಪತ್ರಗಳು, ಪದಕಗಳು, ಛಾಯಾಚಿತ್ರಗಳು, ಎಲ್ಲಕ್ಕೂ ಮಿಗಿಲಾಗಿ ಸಂಘದ ಆಡಳಿತ ಮಂಡಲಿಯ ನಡವಳಿ ಪುಸ್ತಕಗಳು, ಹೀಗೆ ಹತ್ತು ಸಾವಿರಕ್ಕೂ ಮೀರಿದ ವಸ್ತುಗಳು ಇವರ ಉದ್ಯಮದಿಂದ ಒಂದೆಡೆ ಸೇರಿದುವು. ಇವು ಬಿಡಿಬಿಡಿಯಾಗಿ ಹರಾಜಿಗೆ ಹೋಗಿ ಚದರಿಹೋಗದಂತೆ ಈ ಶತಮಾನದ ಮೊದಲ ದಶಕದಲ್ಲಿ ಒಂದು ಧರ್ಮಾರ್ಥ ನ್ಯಾಸವು ಏರ್ಪಟ್ಟಿತು; ಆ ದೇಶದ ರಾಷ್ಟ್ರೀಯ ಲಾಟರಿಯಿಂದ ಪರಂಪರಾರಕ್ಷಣೆಗಾಗಿ ಕೊಡುವ ನಿಧಿಯು ನೆರವಾಯಿತು; ವಸ್ತುಗಳು ಲಿವರ್‌ಪೂಲ್ ನಗರದ ದಾಖಲೆಗಳ ಕಛೇರಿಯನ್ನು ಸೇರಿದುವು; ಅವುಗಳ ಪ್ರತಿಬಿಂಬಗಳನ್ನು ಅಂತರಜಾಲದ ಮೂಲಕ ಸರ್ವರಿಗೂ ತೆರೆದಿಡುವ ಕಾರ್ಯವೂ ನಡೆಯಿತು. ಒಬ್ಬ ಗೃಹಸ್ಥನ ಪೆಟ್ಟಿಗೆಯಿಂದ ಊರಿನ ಭಂಡಾರಕ್ಕೆ ಈ ರೀತಿ ಹಸ್ತಾಂತರವಾದುದು ಶ್ಲಾಘ್ಯ. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಅದೇ ದೇಶದಲ್ಲಿಯೇ ಇದೆ. 1857ರಲ್ಲಿ ಸ್ಥಾಪಿತವಾಗಿ, ಈಗಲೂ ಆಡುತ್ತಿರುವ ಕಾಲ್ಚೆಂಡಿನ ಸಂಘಗಳಲ್ಲಿ ಅತ್ಯಂತ ಹಳೆಯದೆಂದು ಮನ್ನಣೆ ಪಡೆದ ಷೆಫೀಲ್ಡ್ ಸಂಘವು ತನ್ನ ದಫ್ತರವನ್ನು 2011ರ ಜುಲೈಯಲ್ಲಿ ಲಂಡನ್ನಿನ ಸಾದಬಿ ಹರಾಜಿನಲ್ಲಿ 8,81,250 ಪೌಂಡುಗಳಿಗೆ ಮಾರಿತು. 1858ರ ನಿಯಮಗಳ ಕೈಬರಹದ ಕರಡೂ, 1859ರ ಮುದ್ರಿತ ನಿಯಮಾವಳಿಯ ಉಳಿದಿರುವುದಾಗಿ ಗೊತ್ತಿರುವ ಒಂದೇ ಒಂದು ಪ್ರತಿಯೂ ಅದರಲ್ಲಿದ್ದುವು. ಮೈದಾನ ಮೊದಲಾದ ಅನುಕೂಲಗಳಿಗೆ ಹಣ ಬೇಕಾಗಿದ್ದ ಬಡ ಸಂಘವದು; ಮನೆ ನಿಲ್ಲಿಸಲು ಹೊಲ ಮಾರಿದವನನ್ನು ನಾನು ದೂಷಿಸಲಾರೆ. ಆದರೆ ಏಕೈಕ ಪ್ರತಿಯು ಕೊಂಡವರ ಸೌಜನ್ಯವನ್ನೇ ಆಶ್ರಯಿಸಬೇಕಾದ ಸ್ಥಿತಿ ಎಂಥದೆಂಬುದನ್ನು ಹಸ್ತಪ್ರತಿಗಾಗಿ ಅಲೆದಾಡಿದವರಿಗೆ ವಿವರಿಸಬೇಕಾಗಿಲ್ಲ.

ಇನ್ನು ವಸ್ತುಗಳ ತಾರತಮ್ಯದ ವಿಚಾರ. ನೋಡಬಂದವರು ಮೊದಲು ಹುಡುಕುವುದು ಪದಕಗಳನ್ನೂ ಡಿಕ್ಸಿ ಡೀನ್ ಎಂಬ ಆಟಗಾರನ ನೆನಪಿನ ವಸ್ತುಗಳನ್ನೂ ಆಗಿದ್ದರೆ ಆಶ್ಚರ್ಯವಿಲ್ಲ. 1925ರಲ್ಲಿ 3,000 ಪೌಂಡುಗಳಿಗೆ ಟ್ರ್ಯಾನ್‌ಮಿಯರ್ ರೋವರ್ಸ್ ಸಂಘದಿಂದ ಬಂದ ಈತನು 1927-28ರಲ್ಲಿ ಲೀಗಿನ 39 ಪಂದ್ಯಗಳಲ್ಲಿ 60 ಗೋಲುಗಳನ್ನು ಹೊಡೆದನು. ಇದು ನಿರ್ವಿವಾದವಾದ ಸಂಗತಿ. ಪದಕವಿಲ್ಲದಿದ್ದರೂ ಇದು ಅಳಿಯುವುದಿಲ್ಲ. ನಡವಳಿ ಪುಸ್ತಕದ ಮಾತು ಬೇರೆ. ಆ ಕಾಲದಲ್ಲಿ ಎವರ್ಟನ್ನಿನಲ್ಲಿ ತಂಡವನ್ನು ಆರಿಸುತ್ತಿದ್ದವರು ಆಡಳಿತ ಮಂಡಲಿಯವರೇ. ಆದುದರಿಂದ ಯಾರನ್ನು ಆಡಿಸಬೇಕು, ಯಾರಿಗೆ ಎಷ್ಟು ಸಂಬಳ, ಯಾವ ದುರಸ್ತಿಗೆ ಎಷ್ಟು ಖರ್ಚು ಎಂಬೀ ವಿಷಯಗಳು ಮಂಡಲಿಯ ಮುಂದೆಯೇ ಇತ್ಯರ್ಥವಾಗುತ್ತಿದ್ದುವು. ಬರೆದ ಗುಮಾಸ್ತನಿಗೆ ಕೀರ್ತಿಯ ಯೋಚನೆಯಿಲ್ಲ, ನಮ್ಮಂಥವರು ಓದುವೆವೆಂಬ ಊಹೆಯೂ ಇಲ್ಲ. 1901ರಿಂದ ಆಟಗಾರನ ವಾರದ ಸಂಬಳಕ್ಕೆ ನಾಲ್ಕು ಪೌಂಡುಗಳ ಗರಿಷ್ಠ ಮಿತಿಯಿತ್ತೆಂಬುದನ್ನೂ, ಇಂಥ ಮಿತಿಯು 1961ರ ವರೆಗೆ ಏರಿಳಿಯುತ್ತ ಮುಂದುವರಿಯಿತೆಂಬುದನ್ನೂ ಗ್ರಂಥಗಳಿಂದ ತಿಳಿಯಬಹುದು. ಆ ಮಿತಿಯ ಕೆಳಗೆ ಒಬ್ಬ ಗಾಯಾಳುವಿನ ಮನೆ ಹೇಗೆ ನಡೆಯುತ್ತಿತ್ತೆಂಬುದನ್ನು ಅರಸಬೇಕಾದರೆ ಮಂಡಲಿಯ ನಿರ್ಣಯಗಳನ್ನೇ ಪುಟಪುಟವಾಗಿ ಓದಬೇಕು.

ಈ ವಿಷಯದಲ್ಲಿ ನನ್ನ ಅಪರಾಧವೊಂದನ್ನು ಹೇಳಿಕೊಳ್ಳದಿರಲಾರೆ. ಇಪ್ಪತ್ತೈದು ವರ್ಷಗಳ ಹಿಂದೆ ಒಂದು ಅಗ್ರಹಾರದ ಮನೆಯಲ್ಲಿ ವ್ಯಾಕರಣಗ್ರಂಥವೊಂದರ ಓಲೆಗರಿಯನ್ನು ಪ್ರತಿಮಾಡಿಕೊಂಡೆ. ಕೊನೆಯ ಗರಿಗಳ ಅಂಚಿನಲ್ಲಿ ಲಿಪಿಕಾರನು ಆ ವರ್ಷದ ಬತ್ತದ ಧಾರಣೆಯನ್ನೂ ಮಳೆ ತಪ್ಪಿದ ತಿಂಗಳುಗಳನ್ನೂ ಗೀಚಿದ್ದನು. ಗ್ರಂಥಕ್ಕೆ ಸಂಬಂಧಪಡದ ಕಸವೆಂದು ಅದನ್ನು ಬಿಟ್ಟುಬಿಟ್ಟೆ. ವ್ಯಾಕರಣಕ್ಕೆ ಆಮೇಲೆ ಬೇರೆಡೆ ನಾಲ್ಕು ಪ್ರತಿಗಳು ದೊರೆತುವು. ಚರಿತ್ರೆಯ ಅಧ್ಯಾಪಕರೊಬ್ಬರು ಕೇಳಿಕೊಂಡು ಬಂದುದು ಆ ಬತ್ತದ ಧಾರಣೆಯನ್ನು. ಅಷ್ಟು ಹೊತ್ತಿಗೆ ಮನೆ ಪಾಲಾಗಿ ಕಟ್ಟು ಎಲ್ಲಿ ಹೋಯಿತೆಂಬುದೇ ತಿಳಿಯದಾಯಿತು. ಅಂದಿನಿಂದ ಗುಮಾಸ್ತನ ಬರಹವೆಂದರೆ ನನಗೆ ಭಯಭಕ್ತಿ.

ಕಾರ್ಯಕ್ರಮ ಪತ್ರಿಕೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಇವುಗಳಲ್ಲಿ ಆಟಗಾರರ ಹೆಸರುಗಳು ಕ್ರಮವಾಗಿ ಅಚ್ಚಾಗಿರುವುದರಿಂದ ಇವನ್ನು ಸಾಕ್ಷಿಗಳೆಂದು ಹಲವರು ಭ್ರಮಿಸುತ್ತಾರೆ. ಆದರೆ ಅಚ್ಚಾದುದು ಆಟಕ್ಕೆ ಮೊದಲು. ಲಗ್ನಪತ್ರಿಕೆಯನ್ನು ನೋಡಿ ಮದುವೆಗೆ ಯಾರು ಯಾರು ಬಂದಿದ್ದರೆಂದು ಹೇಳಲಾದೀತೇ? 1933ರ ಎಫ್‌.ಎ. ಕಪ್ ಅಂತಿಮ ಪಂದ್ಯದಲ್ಲಿ ಎವರ್ಟನ್ನಿನವರು 1ರಿಂದ 11ರ ವರೆಗೂ ಮ್ಯಾಂಚೆಸ್ಟರ್ ಸಿಟಿಯವರು 12ರಿಂದ 22ರ ವರೆಗೂ ಅಂಕಿಗಳನ್ನು ಬೆನ್ನಿಗೆ ಧರಿಸಿದ್ದರು. ಇಂಥ ಹೊಸ ಪದ್ಧತಿಯನ್ನು ಆಡಿಸುವವರು ಹೇಗೆ ಯೋಜಿಸಿದ್ದರೆಂಬುದಕ್ಕೆ ಪತ್ರಿಕೆಯು ಪ್ರಮಾಣವಾಗಬಹುದು. ನಡೆದುದೇನೆಂಬುದಕ್ಕೆ ಮರುದಿನದ ವರದಿಯೂ ಸಂಘದ ಲೆಕ್ಕವೂ ಬೇಕು. ಸೂಚಿಯನ್ನು ಸಿದ್ಧಪಡಿಸುವವರು ಈ ಎರಡು ಬಗೆಯ ಸಾಕ್ಷ್ಯವನ್ನು ಬೇರೆಬೇರೆಯಾಗಿ ಗುರುತಿಸುವುದು ಉಚಿತ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1892ರ ಒಡಕು ಈ ದಫ್ತರದ ಮರ್ಮಸ್ಥಾನ. ಸಂಘದ ಅಧ್ಯಕ್ಷರಾಗಿದ್ದ ಜಾನ್ ಹೌಲ್ಡಿಂಗ್ ಅವರು ಮದ್ಯೋದ್ಯಮಿಗಳು, ಕನ್ಸರ್ವೇಟಿವ್ ಪಕ್ಷದ ಪ್ರಮುಖರು. ಆಟಗಾರರು ಉಡುಪು ಬದಲಾಯಿಸುತ್ತಿದ್ದುದೂ ಅವರ ಸ್ಯಾಂಡನ್ ಹೋಟೆಲಿನಲ್ಲಿಯೇ. ವರ್ಷಕ್ಕೆ 100 ಪೌಂಡುಗಳಿದ್ದ ಆನ್‌ಫೀಲ್ಡಿನ ಬಾಡಿಗೆ ಕ್ರಮೇಣ 250ಕ್ಕೆ ಏರಿತು. ಎದುರು ಪಕ್ಷದ ಮುಂದಾಳು ಜಾರ್ಜ್ ಮ್ಯಾಹನ್. ಸೇಂಟ್ ಡೊಮಿಂಗೋ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು, ಲೆಕ್ಕಶಾಸ್ತ್ರಜ್ಞರು. ಅವರೊಡನೆ ಲಿಬರಲ್ ಪಕ್ಷದವರೂ ಪಾನನಿರೋಧದ ಪರವಾಗಿದ್ದವರೂ ಹಲವರಿದ್ದರು. ಬೇರೆ ಮೈದಾನವೆಲ್ಲಿದೆಯೆಂದು ಯಾರೋ ಸಭೆಯಲ್ಲಿ ಕೆಣಕಿದಾಗ ಅದು ತಮ್ಮ ಜೇಬಿನಲ್ಲಿಯೇ ಇದೆಯೆಂದು ಮ್ಯಾಹನ್ನರು ಉತ್ತರವಿತ್ತರೆಂಬ ಕಥೆ ಪ್ರಸಿದ್ಧ. ಸೊಗಸಾದ ಕಥೆ, ಆದರೆ ಗೆದ್ದವರ ಮನೆಯಲ್ಲಿ ಬೆಳೆದ ಕಥೆ. ಬಹುಮತವು ಮ್ಯಾಹನ್ನರ ಕಡೆಯಾಯಿತು. ಸಂಘವು ಗುಡಿಸನ್ ಪಾರ್ಕಿಗೆ ಹೋಯಿತು. ಬರಿದಾದ ಆನ್‌ಫೀಲ್ಡಿನಲ್ಲಿ ಹೌಲ್ಡಿಂಗ್ ಅವರು ಅದೇ ವರ್ಷದ ಮಾರ್ಚಿಯಲ್ಲಿ ಹೊಸ ಸಂಘವನ್ನು ಕಟ್ಟಿದರು. ‘ಎವರ್ಟನ್’ ಎಂಬ ಹೆಸರು ಸೇರಿದ್ದ ಒಂದು ಕಂಪೆನಿಯನ್ನು ಅವರು ಜನವರಿಯಲ್ಲಿಯೇ ನೋಂದಾಯಿಸಿದ್ದರು. ಆ ಹೆಸರು ಅವರಿಗೆ ದಕ್ಕಲಿಲ್ಲ. ಅವರ ಸಂಘವು ಲಿವರ್‌ಪೂಲ್ ಎನಿಸಿತು.

ಎರಡು ಪರಂಪರೆಗಳು ಒಂದೇ ಮೂಲವನ್ನು ತಮ್ಮದೆನ್ನುವುದು ನಮಗೆ ಅಪರಿಚಿತವಲ್ಲ. ಅಂಥಲ್ಲಿ ಸಂಪಾದಕನು ಒಂದು ಶಾಖೆಯ ಪಾಠವನ್ನೇ ಮೂಲವೆಂದು ಅಚ್ಚುಹಾಕಿದರೆ ವಿದ್ವಾಂಸರು ಸುಮ್ಮನಿರುವುದಿಲ್ಲ. ಇಲ್ಲಿ ಆಗಿರುವುದೂ ಅದೇ. ಹೆಸರು ಯಾರ ಪಾಲಿಗೆ ಬಂದಿತೋ ಪುಸ್ತಕಗಳೂ ಅವರ ಪಾಲಿಗೇ ಬಂದುವು. ನಡವಳಿಯು ನಿರ್ಣಯವನ್ನು ಹೇಳುತ್ತದೆ. ಸೋತವರು ಏನು ವಾದಿಸಿದರೆಂಬುದನ್ನು ಪೂರ್ಣವಾಗಿ ಹೇಳುವ ಹೊಣೆ ಅದಕ್ಕಿಲ್ಲ. ಸಿದ್ಧಾಂತವು ಉಳಿದು ಪೂರ್ವಪಕ್ಷವು ಲುಪ್ತವಾದ ಶಾಸ್ತ್ರಗ್ರಂಥದಂತೆ ಇದರ ಸ್ಥಿತಿ. ಹೌಲ್ಡಿಂಗ್ ಅವರನ್ನು ಲೋಭಿಯೆಂದು ಚಿತ್ರಿಸುವುದು ಸುಲಭ. ಮೈದಾನಕ್ಕೆ ಅವರು ತೊಡಗಿಸಿದ ಹಣವೆಷ್ಟು, 250 ಪೌಂಡು ಅದಕ್ಕೆ ನ್ಯಾಯವಾದ ಪ್ರತಿಫಲವೇ ಎಂಬುದು ಅವರ ಕಡೆಯ ಲೆಕ್ಕವನ್ನು ಎದುರಿಗಿಟ್ಟುಕೊಳ್ಳದೆ ನಿಶ್ಚಯವಾಗದು. ಅದೇ ಹೌಲ್ಡಿಂಗ್ ಅವರನ್ನು ನಗರದ ಜನ 1897ರಲ್ಲಿ ತಮ್ಮ ಲಾರ್ಡ್ ಮೇಯರನ್ನಾಗಿ ಕಂಡರೆಂಬುದೂ ಲಕ್ಷ್ಯದಲ್ಲಿರತಕ್ಕದ್ದು.

ಇದರಿಂದ ಸಂಗ್ರಾಹಕರನ್ನು ಆಕ್ಷೇಪಿಸಿದಂತಾಗದು. ಪ್ರೀತಿಯಿಂದ ಕೂಡಿಸಿದವನು ತನ್ನ ಪ್ರೀತಿಯ ಆಕಾರದಲ್ಲಿಯೇ ಕೂಡಿಸುತ್ತಾನೆ. ಆಕ್ಷೇಪಣೆಯಿರುವುದು, ಅದನ್ನು ಊರಿನ ಭಂಡಾರಕ್ಕೆ ತಂದ ಮೇಲೂ ಒಂದೇ ಸಂಘದ ಹೆಸರಿನಲ್ಲಿ ಓದುವ ರೂಢಿಯನ್ನು ಕುರಿತು. 1892ರ ಮಾರ್ಚಿಯ ವರೆಗಿನ ಪುಟಗಳು ಎವರ್ಟನ್ನಿಗೆ ಎಷ್ಟೋ ಲಿವರ್‌ಪೂಲಿಗೂ ಅಷ್ಟೇ ಪೂರ್ವಚರಿತ್ರೆ. ಒಡಕಾದ ಮೇಲೂ ಸಂಬಂಧ ಪೂರ್ಣವಾಗಿ ಹರಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬಹುಕಾಲ ಈ ಎರಡು ಸಂಘಗಳಿಗೂ ಒಂದೇ ಕಾರ್ಯಕ್ರಮ ಪತ್ರಿಕೆ ಹೊರಡುತ್ತಿತ್ತು. ಅದನ್ನು ಯಾರ ದಫ್ತರಕ್ಕೆ ಸೇರಿಸತಕ್ಕದ್ದು? ಹಂಚಿಕೊಳ್ಳಲಾಗದ ವಸ್ತುವನ್ನು ಹಂಚಹೊರಟರೆ ಸೂಚಿಯೇ ಸುಳ್ಳು ಹೇಳಬೇಕಾಗುತ್ತದೆ.

ಪ್ರತಿಬಿಂಬವನ್ನು ಪ್ರಕಟಿಸಿದೊಡನೆ ದಫ್ತರವು ಲೋಕಕ್ಕೆ ದೊರೆತಂತಾಯಿತೆಂಬ ಭಾವನೆಯೂ ಪರಿಶೀಲನಾರ್ಹ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯನ್ನು ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು. ರಕ್ಷಣೆಯು ಅಲ್ಲಿಗೆ ಸಿದ್ಧಿಸಿತು. ಆದರೆ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ, ಗ್ರಂಥಾಕ್ಷರವನ್ನು ಬಿಡಿಸಿ, 1909ರಲ್ಲಿ ಮೂಲವನ್ನು ಅಚ್ಚುಹಾಕಿಸಿದ ಮೇಲೆಯೇ ಅದು ಜಗತ್ತಿನದಾದುದು. ಇಂಗ್ಲಿಷ್ ಗುಮಾಸ್ತನ ಅವಸರದ ಮೋಡಿಬರಹವು ಗ್ರಂಥಲಿಪಿಯಷ್ಟು ಕಠಿನವಲ್ಲದಿರಬಹುದು. ಆದರೂ ಅಭ್ಯಾಸವಿಲ್ಲದ ಕಣ್ಣಿಗೆ ಅದು ಬರಿಯ ಚಿತ್ರ. ಬಿಡಿಸಿ ಬರೆದ ಪಾಠ, ವ್ಯಕ್ತಿನಾಮಗಳ ಅನುಕ್ರಮಣಿಕೆ, ಹಣದ ಮೊತ್ತಗಳ ಪಟ್ಟಿ, ಸಂಕ್ಷೇಪಾಕ್ಷರಗಳ ವಿವರಣೆ ಇವು ಜೊತೆಗಿದ್ದರೆ ದೂರದ ಅಧ್ಯಾಪಕನೂ ಅದನ್ನು ಉಪಯೋಗಿಸಿಕೊಳ್ಳಬಲ್ಲನು. ಇಂಥ ಕೆಲಸಕ್ಕೆ ಅಭಿಮಾನಿಗಳ ಉತ್ಸಾಹವಿದ್ದರೆ ಸಾಲದು. ಎದುರು ತಂಡದ ಅಭಿಮಾನಿಯೊಬ್ಬನು ಪಕ್ಕದಲ್ಲಿ ಕುಳಿತು ಪಾಠವನ್ನು ತಾಳೆನೋಡುವುದು ಲೇಸು. (ಈ ಸಲಹೆಯನ್ನು ಕೇಳಿ ನನ್ನ ಶಿಷ್ಯರು ನಕ್ಕರು, ಅಲ್ಲಿಯ ಜನರನ್ನು ಅವರು ನನಗಿಂತ ಚೆನ್ನಾಗಿ ಬಲ್ಲರೋ ಏನೋ.)

2025ರ ಮೇ 18ರಂದು ಎವರ್ಟನ್ನಿನ ಪುರುಷರ ತಂಡವು ಗುಡಿಸನ್ ಪಾರ್ಕಿನಲ್ಲಿ ತನ್ನ ಕೊನೆಯ ಪಂದ್ಯವನ್ನಾಡಿ, ನದೀತೀರದ ಬ್ರ್ಯಾಮ್ಲಿ-ಮೂರ್ ಹಡಗುಕಟ್ಟೆಯಲ್ಲಿ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ತೆರಳಿತು. ಹಳೆಯ ಮೈದಾನವು ಮಹಿಳೆಯರ ತಂಡಕ್ಕೆ ದೊರೆತು ಉಳಿದುಕೊಂಡಿತೆಂಬುದು ಸಂತೋಷದ ವಿಷಯ. ನೂರ ಮೂವತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ಎದುರುಬದುರಾಗಿದ್ದ ಗುಡಿಸನ್ ಮತ್ತು ಆನ್‌ಫೀಲ್ಡ್ ಮೈದಾನಗಳ ನಡುವೆ ಇರುವುದು ಸ್ಟ್ಯಾನ್ಲಿ ಉದ್ಯಾನ ಮಾತ್ರ. ಅದನ್ನು ನಡೆದು ದಾಟಲು ಅರ್ಧ ಗಳಿಗೆಗಿಂತ ಸ್ವಲ್ಪ ಹೆಚ್ಚು ಹಿಡಿದೀತು. ಎರಡು ಕಡೆಯ ಕಾಗದಗಳೂ ಒಂದೇ ಮೇಜಿನ ಮೇಲೆ ಬರುವಂತೆ 1892ರ ವರೆಗಿನ ಭಾಗಕ್ಕೆ ಒಂದು ಸಮಾನ ಸೂಚಿಯನ್ನು ಬರೆಯುವವರು ದೊರೆತರೆ, ಮೊದಲು ಆ 250 ಪೌಂಡಿನ ಲೆಕ್ಕವನ್ನು ತಾಳೆನೋಡಬೇಕೆಂದು ಕೋರುತ್ತೇನೆ.